ಸ್ಪಿನ್ನರ್ ಕ್ಯಾಪ್ಟನ್ ವೆರಿಟಿ

ಗಚ್ಚಿಬೌಲಿ, ಮಾದಾಪುರ ಕಡೆ ಇರೋ ನಮ್ಮ ಕನ್ನಡದವರಿಗೆ ಹೈದರಾಬಾದ್ ಕ್ರಿಕೆಟ್ ಅಂದ್ರೆ ಉಪ್ಪಲ್ ಸ್ಟೇಡಿಯಂ. ನಾನು ಇವತ್ತು ಅದಕ್ಕಿಂತ ಎಷ್ಟೋ ಹಳೇದಾದ ಸಿಕಂದರಾಬಾದಿನ ಜಿಮ್ಖಾನಾ ಮೈದಾನದಿಂದ ಶುರು ಮಾಡ್ತೀನಿ. 1933–34ರಲ್ಲಿ ಡಗ್ಲಸ್ ಜಾರ್ಡಿನ್‌ನ ಎಂಸಿಸಿ ತಂಡ ಭಾರತಕ್ಕೆ ಬಂದಾಗ, ನವಾಬ್ ಮೊಯಿನುದ್ದೌಲಾ ತಂಡದ ಜೊತೆ ಆಡಿದ್ದು ಇಲ್ಲೇ. ಆ ಪ್ರವಾಸಕ್ಕೆ ಬಂದವರಲ್ಲಿ 28 ವರ್ಷದ ಎಡಗೈ ಸ್ಪಿನ್ನರ್ ಹೆಡ್ಲಿ ವೆರಿಟಿಯೂ ಒಬ್ಬ. ಚೆಪಾಕ್ ಟೆಸ್ಟ್‌ನಲ್ಲಿ ನಮ್ಮವರು 145ಕ್ಕೆ ಆಲೌಟ್ ಆದಾಗ 49 ರನ್ ಕೊಟ್ಟು 7 ವಿಕೆಟ್ ತೆಗೆದವನು ಈತನೇ.

ಲೀಡ್ಸ್‌ನ ಹುಡುಗ. ಯಾರ್ಕ್‌ಷೈರ್ ತಂಡದಲ್ಲಿ ಎಡಗೈ ಸ್ಪಿನ್ನರ್ ಜಾಗದಲ್ಲಿ ವಿಲ್ಫ್ರೆಡ್ ರೋಡ್ಸ್ ಕೂತಿದ್ದ. ಹಾಗಾಗಿ ವೆರಿಟಿಗೆ ಅವಕಾಶ ಸಿಕ್ಕಿದ್ದು 1930ರಲ್ಲಿ, 25ನೇ ವಯಸ್ಸಿಗೆ. ಎರಡೇ ವರ್ಷದಲ್ಲಿ ನಾಟಿಂಗ್‌ಹ್ಯಾಮ್‌ಷೈರ್ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 10 ರನ್ನಿಗೆ 10 ವಿಕೆಟ್! ಟೆಸ್ಟ್‌ಗಳಲ್ಲಿ ಬ್ರಾಡ್‌ಮನ್‌ನನ್ನ ಎಂಟು ಸಲ ಔಟ್ ಮಾಡಿದ.

ನನಗೆ ಈ ಅಂಕಿಗಳಿಗಿಂತ ದೊಡ್ಡದು ಅನ್ಸೋದು ಇನ್ನೊಂದು ವಿಷಯ. 1938ರಲ್ಲಿ ಯುದ್ಧದ ಮೋಡ ಕವಿದಾಗ ವೆರಿಟಿ ತಾನಾಗಿಯೇ ಗ್ರೀನ್ ಹೋವರ್ಡ್ಸ್ ರೆಜಿಮೆಂಟಿನ ಒಬ್ಬ ಅಧಿಕಾರಿಯನ್ನ ಕಂಡು, ಸೈನ್ಯದ ಪುಸ್ತಕಗಳನ್ನ ಇಸ್ಕೊಂಡ. ದಕ್ಷಿಣ ಆಫ್ರಿಕಾ ಪ್ರವಾಸಕ್ಕೂ ಅವನ್ನ ಹೊತ್ಕೊಂಡು ಹೋದ. ಬ್ಯಾಟ್ಸ್‌ಮನ್‌ನ ಕಾಲಾಟ ಓದಿದ ಹಾಗೇ ಯುದ್ಧವನ್ನೂ ಓದ್ತಿದ್ದ, ನೋಡಿ. ಖ್ಯಾತಿ ಇದ್ದವನು, ಸುರಕ್ಷಿತ ಕೆಲಸ ಹುಡುಕಿಕೊಳ್ಳಬಹುದಿತ್ತು. ಕೇಳಿ ಪಡೆದದ್ದು ಪದಾತಿ ದಳ.

1939ರ ಸೆಪ್ಟೆಂಬರ್ 1. ಹಿಟ್ಲರ್ ಪೋಲೆಂಡಿಗೆ ನುಗ್ಗಿದ ದಿನ. ಇಂಗ್ಲೆಂಡಿನ ಹೋವ್‌ನಲ್ಲಿ ಸಸೆಕ್ಸ್ ತಂಡ 33ಕ್ಕೆ ಆಲೌಟ್. ವೆರಿಟಿ 9 ರನ್ನಿಗೆ 7 ವಿಕೆಟ್. ಅದೇ ಅವನ ಕೊನೇ ಪಂದ್ಯ. ಒಟ್ಟು 1956 ಪ್ರಥಮ ದರ್ಜೆ ವಿಕೆಟ್, ಹತ್ತೇ ಬೇಸಿಗೆಗಳಲ್ಲಿ!

1942ರಲ್ಲಿ ಮತ್ತೆ ಭಾರತಕ್ಕೆ ಬಂದ, ಈ ಸಲ ಬಂದೂಕಿನ ಜೊತೆ. ರಾಂಚಿಯಲ್ಲಿ ಆಮಶಂಕೆಯಿಂದ ಹಣ್ಣಾಗಿಬಿಟ್ಟ. ವಾಪಸ್ ಮನೆಗೆ ಹೋಗೋ ದಾರಿ ಇತ್ತು ಅಂತ ಅನ್ನಿಸುತ್ತೆ, ಅಲ್ವಾ? ಆತ ತನ್ನ ದಳದ ಜೊತೆಗೇ ಮುಂದೆ ಹೋದ.

1943ರ ಜುಲೈ 19ರ ರಾತ್ರಿ, ಸಿಸಿಲಿಯ ಕಟಾನಿಯಾ ಬಯಲು. ಕ್ಯಾಪ್ಟನ್ ವೆರಿಟಿ ತನ್ನ ಕಂಪನಿಯನ್ನ ಮುನ್ನಡೆಸ್ತಿದ್ದಾಗ ಎದೆಗೆ ಪೆಟ್ಟು ಬಿತ್ತು. ಬಿದ್ದಲ್ಲಿಂದಲೇ ಮುಂದುವರಿಯಿರಿ ಅಂತ ಆದೇಶ ಕೊಟ್ಟ. ಶತ್ರುಗಳ ಕೈಗೆ ಸಿಕ್ಕ. ಇಟಲಿಯ ಕಸೆರ್ಟಾದಲ್ಲಿ ಶಸ್ತ್ರಚಿಕಿತ್ಸೆ ಆಯ್ತು. ಜುಲೈ 31ಕ್ಕೆ ತೀರಿಕೊಂಡ. ವಯಸ್ಸು 38. ಮನೆಯಲ್ಲಿ ಹೆಂಡತಿ, ಇಬ್ಬರು ಗಂಡು ಮಕ್ಕಳು. ಒಬ್ಬನ ಹೆಸರು ಡಗ್ಲಸ್, ಜಾರ್ಡಿನ್‌ನ ಹೆಸರು.

ಯಾರ್ಕ್‌ಷೈರ್‌ನಲ್ಲಿ ವರ್ಷಗಟ್ಟಲೆ ಜೊತೆಗೆ ಬೌಲ್ ಮಾಡಿದ್ದ ಗೆಳೆಯ ಬಿಲ್ ಬೋಸ್ 1942ರಲ್ಲೇ ಟೊಬ್ರುಕ್‌ನಲ್ಲಿ ಸೆರೆಸಿಕ್ಕಿದ್ದ. ಅವನನ್ನ ಇಟ್ಟಿದ್ದೂ ಇಟಲಿಯದೇ ಕೈದಿ ಶಿಬಿರದಲ್ಲಿ.