ಉತಾರ, ಕಡತ, ಖಾಸಗಿತನ: ಹುಬ್ಬಳ್ಳಿ-ಧಾರವಾಡದಲ್ಲಿ ಸರ್ಕಾರಿ ದಾಖಲೆ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯಿರಲಿ, ಹೊಲವಿರಲಿ, ವ್ಯವಹಾರ ಶುರುವಾಗುವುದು ಉತಾರದಿಂದ, ಅಂದರೆ ಆಸ್ತಿ ದಾಖಲೆಯ ಪ್ರತಿಯಿಂದ. ಅದಕ್ಕಾಗಿ ಜನ ಅಲೆಯುವುದು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮು, ಸಿಟಿ ಸರ್ವೆ ಕಚೇರಿ ಮತ್ತು 1962ರಲ್ಲಿ ಅವಳಿ ನಗರಕ್ಕೆಂದು ಆದ ಮಹಾನಗರ ಪಾಲಿಕೆಗೆ. 1956ರವರೆಗೆ ಮುಂಬೈ ಆಡಳಿತದಲ್ಲಿದ್ದ ಜಿಲ್ಲೆಯಾದ್ದರಿಂದ ಹಳೆಯ ಕಾಗದಗಳಲ್ಲಿ ಮರಾಠಿಯ ಮೋಡಿ ಲಿಪಿಯವೂ ಉಂಟು.

ಅರ್ಜಿಗಿಂತ ಮೊದಲು ಸೂಚಿ

ಕಚೇರಿಯಲ್ಲಿರುವ ಇಂಥ ದಾಖಲೆ ಕೇಳಲು ದಾರಿಯಾದ ಮಾಹಿತಿ ಹಕ್ಕು ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು. ಕರ್ನಾಟಕ 2000ದಲ್ಲೇ ತನ್ನದೊಂದು ಕಾಯ್ದೆ ಮಾಡಿಕೊಂಡಿತ್ತು. ಅರ್ಜಿ ಹಾಕುವ ಮಾತು ಬರುವುದು 6ನೇ ಕಲಮಿನಲ್ಲಿ. ಅದಕ್ಕೂ ಮುಂಚೆ 4ನೇ ಕಲಂ, ದಾಖಲೆಗಳನ್ನು ಪಟ್ಟಿಮಾಡಿ ಸೂಚಿ ಸಮೇತ ಇಡಬೇಕೆಂದು ಕಚೇರಿಗೇ ಹೇಳುತ್ತದೆ. ಹೆಚ್ಚು ಕಡೆಗಣಿಸಲ್ಪಟ್ಟ ಕಲಂ ಇದೇ.

ಮುಕ್ತಾಯವಾದ ಕಡತಕ್ಕೆ ಎಷ್ಟು ಕಾಲ ಇಡಬೇಕೆಂದು ತಿಳಿಸಲು 'ಎ'ಯಿಂದ 'ಇ'ವರೆಗೆ ಒಂದು ವರ್ಗ ಹಚ್ಚುವುದು ರಾಜ್ಯದ ಕಚೇರಿಗಳ ಪದ್ಧತಿ. 'ಎ' ಎಂದರೆ ಶಾಶ್ವತ, 'ಇ' ಎಂದರೆ ಒಂದೇ ವರ್ಷ. ವರ್ಗವನ್ನೇ ಬರೆಯದೆ ಗಂಟು ಕಟ್ಟಿದ ಕಡತ ಉಳಿದರೂ ಕಷ್ಟ, ಅಳಿದರೂ ಕಷ್ಟ.

'ಕಡತ ಲಭ್ಯವಿಲ್ಲ'

ಈ ಹಿಂಬರಹ ಯಾರಿಗೆ ಬಂದಿಲ್ಲ? ಆದರೆ ಮಾಹಿತಿ ನಿರಾಕರಿಸಲು ಕಾಯ್ದೆ ಒಪ್ಪುವ ಕಾರಣಗಳಲ್ಲಿ ಇದು ಇಲ್ಲ. ಒಮ್ಮೆ ಇದ್ದ ಕಡತ ಸಿಗದಿದ್ದರೆ ಹುಡುಕಿಸಬೇಕು, ಕಳೆದಿದ್ದರೆ ಹೊಣೆ ನಿಗದಿಪಡಿಸಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. 30 ದಿನದೊಳಗೆ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಸಕಾರಣವಿಲ್ಲದ ವಿಳಂಬಕ್ಕೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ದಂಡ. ತಾಲ್ಲೂಕು ರೆಕಾರ್ಡ್ ರೂಮುಗಳ ಕಾಗದ ಸ್ಕ್ಯಾನ್ ಮಾಡುವ ರಾಜ್ಯದ 'ಭೂ ಸುರಕ್ಷಾ' ಯೋಜನೆ ಈ ನೆಪವನ್ನು ಸ್ವಲ್ಪ ಕಡಿಮೆ ಮಾಡೀತು.

ಒಂದು ಕಟ್ಟಡದ ಕಡತ ಬಿಚ್ಚಿದರೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪಕ್ಕದವರು ಮೂರನೇ ಮಹಡಿ ಏರಿಸುತ್ತಿದ್ದಾರೆ, ಪರವಾನಗಿ ಇದೆಯೇ ಎಂದು ನೀವು ಕೇಳುತ್ತೀರಿ ಎನ್ನಿ. ರಾಜ್ಯದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ, 10 ರೂಪಾಯಿ ಶುಲ್ಕ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಆ ಕಡತದಲ್ಲಿ ಪರವಾನಗಿ ಪತ್ರ, ನಕ್ಷೆ, ಸ್ಥಳ ಪರಿಶೀಲನೆಯ ಟಿಪ್ಪಣಿ ಇರುತ್ತವೆ. ಅವುಗಳ ನಡುವೆಯೇ ಖರೀದಿ ಪತ್ರ, ಆಧಾರ್ ಜೆರಾಕ್ಸ್, ಮೊಬೈಲ್ ನಂಬರು. ಮೊದಲಿನವು ಪಾಲಿಕೆಯ ಕೆಲಸದ ದಾಖಲೆ. ಕೊನೆಯವು ನೆರೆಯವರ ಸ್ವಂತದವು. 10ನೇ ಕಲಂ ಹೇಳುವುದು, ಮುಚ್ಚಬೇಕಾದ್ದನ್ನು ಮುಚ್ಚಿ ಉಳಿದದ್ದನ್ನು ಕೊಡಿ ಎಂದು. ಪುಟಸಂಖ್ಯೆ, ಒಳಸೂಚಿ ಇಲ್ಲದ ಕಡತದಲ್ಲಿ ಈ ಬೇರ್ಪಡಿಕೆಗೆ ಯಾರೂ ಕುಳಿತುಕೊಳ್ಳುವುದಿಲ್ಲ. ಒಂದೋ ಇಡೀ ಕಡತ ಜೆರಾಕ್ಸ್ ಆಗಿ ಹೊರಗೆ ಹೋಗುತ್ತದೆ, ಇಲ್ಲವೇ ಇಡಿಯಾಗಿ ನಿರಾಕರಣೆಯಾಗುತ್ತದೆ.

ಖಾಸಗಿತನದ ಹೊಸ ಗೆರೆ

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಸಾರಿದ್ದು 2017ರ ಆಗಸ್ಟ್ 24ರಂದು; ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನೇ ಬದಲಿಸಿತು; ಬದಲಾವಣೆ ಜಾರಿಯಾದದ್ದು 2025ರ ನವೆಂಬರಿನಲ್ಲಿ. ಮೊದಲು, ಸಾರ್ವಜನಿಕ ಚಟುವಟಿಕೆ ಅಥವಾ ಹಿತಕ್ಕೆ ಸಂಬಂಧವಿಲ್ಲದ, ಇಲ್ಲವೇ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿಗಷ್ಟೇ ತಡೆ ಇತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಜನರಿಗೂ ನಿರಾಕರಿಸುವಂತಿರಲಿಲ್ಲ. ಈಗ 'ವೈಯಕ್ತಿಕ' ಎಂದಷ್ಟೇ ಇದ್ದರೆ ಸಾಕು. ಅಧಿಕಾರಿಗೆ ಇದು ಬಲು ಅನುಕೂಲದ ಪದ. ಅರ್ಜಿದಾರರಿಗೆ ಉಳಿದಿರುವುದು 8(2): ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು. ಆ ಹಿತ ಏನೆಂದು ಈಗ ಅರ್ಜಿಯಲ್ಲೇ ಬರೆದಿಡುವುದು ಒಳ್ಳೆಯದು.

ಪಾಲಿಕೆ ಎರಡಾದರೆ

ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಂಪುಟ 2025ರ ಜನವರಿಯಲ್ಲಿ ಒಪ್ಪಿತು. ವಾರ್ಡುಗಳ ಜೊತೆ ಕಡತಗಳೂ ಪಾಲಾಗಬೇಕು. ಅರ್ಜಿ ತಪ್ಪು ಕಚೇರಿಗೆ ಬಂದರೆ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕೆಂದು 6(3) ಹೇಳುತ್ತದೆ. ಯಾವ ಕಡತ ಯಾರ ಬಳಿ ಹೋಯಿತೆಂಬ ಹಸ್ತಾಂತರ ಪಟ್ಟಿ ಇಲ್ಲದಿದ್ದರೆ ವರ್ಗಾಯಿಸುವುದಾದರೂ ಎಲ್ಲಿಗೆ?