ಒಣಗಿದ ಬನ್ನು, ಹಸಿರು ಚಹಾ

ಕಳೆದ ವಾರ ಮನೆಯಲ್ಲಿ ಮಾಡಿದ ಆರು ಆನ್‌ಪಾನ್‌ಗಳಲ್ಲಿ ನಾಲ್ಕು ಉಳಿದವು. ಆನ್‌ಪಾನ್ ಜಪಾನಿನ ಸಿಹಿ ಬನ್ನು. ಅಜುಕಿ ಎಂಬ ಪುಟ್ಟ ಕೆಂಪು ಕಾಳನ್ನು ಬೇಯಿಸಿ, ಸಕ್ಕರೆ ಹಾಕಿ ಅರೆದು ಒಳಗೆ ತುಂಬುತ್ತಾರೆ. ನಾವಾದರೆ ಹೂರಣ ಅನ್ನುತ್ತೇವೆ, ಅವರು ‘ಆನ್’ ಅನ್ನುತ್ತಾರೆ. ಫ್ರಿಜ್ಜಿನಲ್ಲಿಟ್ಟು ತಪ್ಪು ಮಾಡಿದೆ. ತಂಪಿನಲ್ಲಿ ಬನ್ನಿನ ಪಿಷ್ಟ ಬೇಗ ಗಟ್ಟಿಯಾಗುತ್ತದೆ. ಮೂರನೆಯ ದಿನಕ್ಕೆ ಕಲ್ಲು.

‘ಪಾನ್’ ಎಂಬ ಪದದ ಮೂಲ ಪೋರ್ಚುಗೀಸ್. ಮುಂಬೈಯವರು ಬೆಳಗ್ಗೆ ತರುವ ಪಾವ್ ಕೂಡ ಅದೇ ಪದದ ಕೂಸು. 1543ರಲ್ಲಿ ಪೋರ್ಚುಗೀಸರು ತಾನೆಗಾಶಿಮಾ ದ್ವೀಪ ಮುಟ್ಟಿದರು. ಬಂದೂಕು ಬಂತು, ಪಾದ್ರಿಗಳು ಬಂದರು, ರೊಟ್ಟಿಯೂ ಬಂತು. 1639ರಲ್ಲಿ ಅವರನ್ನು ಹೊರಗಟ್ಟಿದ ಮೇಲೆ ರೊಟ್ಟಿ ಬಹುಮಟ್ಟಿಗೆ ಮರೆಯಾಯಿತು, ಹೆಸರು ಮಾತ್ರ ಉಳಿಯಿತು.

ಎರಡು ಶತಮಾನದ ಮೇಲೆ, 1869ರಲ್ಲಿ, ಕಿಮುರಾ ಯಾಸುಬೇ ಎಂಬುವರು ಟೋಕಿಯೋದಲ್ಲಿ ಬೇಕರಿ ತೆರೆದರು. ಸಮುರಾಯ್ ವರ್ಗದವರು, ವಯಸ್ಸು ಐವತ್ತು ದಾಟಿತ್ತು. ಹಿಂದಿನ ವರ್ಷವಷ್ಟೇ ಶೋಗನ್ನರ ಆಳ್ವಿಕೆ ಬಿದ್ದು ಅವರಂಥವರ ಕಾಲಡಿಯ ನೆಲವೇ ಸರಿದಿತ್ತು. ಕತ್ತಿ ಹಿಡಿಯಬೇಕಾದ ಕೈ ಹಿಟ್ಟು ನಾದಿತು. ಆದರೆ ಅನ್ನ ತಿನ್ನುವ ಜನಕ್ಕೆ ಹುಳಿ ವಾಸನೆಯ, ಒಣಒಣ ರೊಟ್ಟಿ ಯಾಕೆ ಬೇಕು?

ಉತ್ತರ ಸಿಕ್ಕಿದ್ದು 1874ರಲ್ಲಿ. ಹಿಟ್ಟು ಹುದುಗಿಸಲು ಅವರು ಅಕ್ಕಿಯಿಂದ ಸಾಕೆ ಮದ್ಯ ತಯಾರಿಸುವವರ ಹುಳಿಯನ್ನೇ ಬಳಸಿದರು, ಒಳಗೆ ಹೂರಣ ಇಟ್ಟರು. ಇಲ್ಲಿರುವುದು ದೊಡ್ಡ ಜಾಣತನ ಎಂದು ನನಗನಿಸುತ್ತದೆ. ಅನ್ನದ ತಟ್ಟೆಯ ಜೊತೆ ಜಗಳಕ್ಕೆ ಹೋಗದೆ, ರೊಟ್ಟಿಯನ್ನು ಅವರು ಸಿಹಿತಿಂಡಿಯ ಸಾಲಿನಲ್ಲಿ ಕೂರಿಸಿಬಿಟ್ಟರು. 1875ರ ಏಪ್ರಿಲ್ 4ರಂದು ಮೇಜಿ ಚಕ್ರವರ್ತಿಗೆ ಅದನ್ನು ಅರ್ಪಿಸಿದಾಗ ಬನ್ನಿನ ನಡುವೆ ಉಪ್ಪಿನಲ್ಲಿಟ್ಟ ಚೆರ್ರಿ ಹೂವೊಂದನ್ನು ಒತ್ತಿದ್ದರು. ಅರಮನೆ ಮೆಚ್ಚಿದ್ದನ್ನು ಊರು ತಿನ್ನದೆ ಇದ್ದೀತೇ!

ಇನ್ನು ಹಸಿರು ಚಹಾ. ನನಗೆ ಬೇಕಿದ್ದದ್ದು ಎಲೆಯನ್ನು ನುಣ್ಣಗೆ ಬೀಸಿದ ಪುಡಿ, ಮಾಚಾ. ಚಹಾಪುಡಿಯನ್ನು ಬಿಸಿನೀರಿಗೆ ಕದಡಿ ಕುಡಿಯುವುದು ಚೀನಾದ ಸೋಂಗ್ ಕಾಲದ ರೂಢಿ. ಝೆನ್ ಭಿಕ್ಷು ಐಸಾಯ್ 12ನೇ ಶತಮಾನದ ಕೊನೆಗೆ ಅದನ್ನು ಜಪಾನಿಗೆ ತಂದರೆಂದು ಹೇಳುತ್ತಾರೆ. ಮುಂದೆ ಚೀನೀಯರು ಎಲೆ ನೆನೆಸುವ ಪದ್ಧತಿಗೆ ಹೊರಳಿದರು. ಪುಡಿಯನ್ನು ಉಳಿಸಿಕೊಂಡದ್ದು ಜಪಾನ್.

ನಾಲ್ಕು ಬನ್ನುಗಳನ್ನು ಹೂರಣದ ಸಮೇತ ತುಂಡು ಮಾಡಿದೆ. ಎರಡು ಚಮಚ ಮಾಚಾವನ್ನು ಮೊದಲು ಸ್ವಲ್ಪವೇ ಬೆಚ್ಚನೆ ಹಾಲಿನಲ್ಲಿ ಕದಡಬೇಕು, ಇಲ್ಲವಾದರೆ ಗಂಟು ಕಟ್ಟುತ್ತದೆ. ಉಳಿದ ಹಾಲು ಸೇರಿ ಒಟ್ಟು 300 ಮಿಲಿ, ಎರಡು ಮೊಟ್ಟೆ, ಎರಡು ಚಮಚ ಸಕ್ಕರೆ. ಹೂರಣವೇ ಸಿಹಿ, ಹೆಚ್ಚು ಬೇಡ. ಬನ್ನು ಹಾಲು ಹೀರಲು ಅರ್ಧ ಗಂಟೆ ಬಿಟ್ಟೆ. ಆಮೇಲೆ ಬಿಸಿನೀರಿನ ತಟ್ಟೆಯಲ್ಲಿ ಪಾತ್ರೆಯಿಟ್ಟು ಓವನ್ನಿನಲ್ಲಿ 160 ಡಿಗ್ರಿ, ಸುಮಾರು 40 ನಿಮಿಷ. ಸುತ್ತ ನೀರಿಲ್ಲದಿದ್ದರೆ ಅಂಚಿನ ಮೊಟ್ಟೆ ಒಡೆದು ನೀರು ಬಿಡುತ್ತದೆ.

ಹಳೆಯ ಬ್ರೆಡ್ಡನ್ನು ಹೀಗೆ ಹಾಲು ಮೊಟ್ಟೆಯಲ್ಲಿ ಬೇಯಿಸುವುದು ಇಂಗ್ಲಿಷರ ಮನೆಗಳ ಹಳೆಯ ಮಿತವ್ಯಯ. ಅವರ ಪುಡಿಂಗ್ ಎಂಬ ಪದವೂ ಜಪಾನಿನ ಬಾಯಲ್ಲಿ ಕರಗಿ ‘ಪುರಿನ್’ ಆಗಿದೆ. ಮೇಲ್ಪದರ ಗರಿಗರಿ, ಒಳಗೆ ಹಸಿರು, ನಡುನಡುವೆ ಕೆಂಪು ಹೂರಣ. ಕಹಿ ತುಸು ಮುಂದಾಗಿತ್ತು. ಮುಂದಿನ ಸಲ ಮಾಚಾ ಒಂದೂವರೆ ಚಮಚ ಸಾಕು.