ಹಳೆಯ ಪೆಟ್ರೋಲ್ ಜೀಪು, ಪಿಕಪ್ ಆವರೇಜ್ ಕೊಡುತ್ತಿಲ್ಲವೇ? ಕಾರ್ಬೊರೇಟರ್ ಬಿಚ್ಚುವ ಮೊದಲು ಇಷ್ಟು ನೋಡಿ

ಸಾಂಗಲಿ, ಮಿರಜ, ಜತ್ತ ಭಾಗದಲ್ಲಿ ಮೈಲೇಜ್ ಎಂದು ಕೇಳುವವರು ಕಡಿಮೆ. "ಗಾಡಿ ಆವರೇಜ್ ಎಷ್ಟ್ ಕೊಡ್ತದ?" ಎಂಬುದೇ ಇಲ್ಲಿಯ ಪ್ರಶ್ನೆ. ಕನ್ನಡ ಮಾತಾಡುವ ಮನೆಯಲ್ಲೂ ಅದೇ, ಮರಾಠಿ ಮಾತಾಡುವ ಗ್ಯಾರೇಜಿನಲ್ಲೂ ಅದೇ. ಹಳೆಯ ಪೆಟ್ರೋಲ್ ಗಾಡಿ ಇಟ್ಟುಕೊಂಡವರು ಈ ಪ್ರಶ್ನೆಗೆ ಉತ್ತರ ಹೇಳಲು ಸ್ವಲ್ಪ ನಾಚಿಕೊಳ್ಳುತ್ತಾರೆ.

ಇಂದು ದ್ರಾಕ್ಷಿ, ಅರಿಸಿನ, ಹಾಲು ಸಾಗಿಸುವ ಪಿಕಪ್‌ಗಳು ಬಹುತೇಕ ಡೀಸೆಲ್. ಆದರೂ ಹಿಂದೆ ಡಬ್ಬಿ ಕಟ್ಟಿಸಿದ ಹಳೆಯ ಪೆಟ್ರೋಲ್ ಜೀಪು, ಎಂಜಿನ್ನು ಸೀಟಿನ ಕೆಳಗಿರುವ ಎಫ್‌ಸಿ ಮಾದರಿಯ ಪಿಕಪ್, ಹಳೆಯ ಜಿಪ್ಸಿ, ಓಮ್ನಿ ಇವುಗಳನ್ನು ಮನೆಯ ಸದಸ್ಯರಂತೆ ಸಾಕಿಕೊಂಡವರು ಇದ್ದಾರೆ. ಮಹೀಂದ್ರ ಕಂಪನಿ ತಯಾರಿಸಿದ ಪೆಟ್ರೋಲ್ ಜೀಪಿನಲ್ಲಿ ಇದ್ದದ್ದು ಹರಿಕೇನ್ ಎಂಜಿನ್: ನಾಲ್ಕು ಸಿಲಿಂಡರ್, 2.2 ಲೀಟರ್. ಮೂಲ ವಿನ್ಯಾಸ ಅಮೆರಿಕದ ವಿಲ್ಲೀಸ್ ಕಂಪನಿಯದು. ಮಾರುತಿ ವ್ಯಾನ್ 1984ರಲ್ಲಿ, ಜಿಪ್ಸಿ 1985ರಲ್ಲಿ ಬಂದವು. 2000ದ ಸುಮಾರಿಗೆ ಎಂಪಿಎಫ್‌ಐ ಬರುವವರೆಗೆ ಅವುಗಳಲ್ಲೂ ಕಾರ್ಬೊರೇಟರೇ ಇತ್ತು. ಈ ಲೇಖನದಲ್ಲಿ ಹೆಚ್ಚಿನ ಮಾತು ಜೀಪಿನ ಬಗ್ಗೆ. ತತ್ವ ಮಾತ್ರ ಎಲ್ಲ ಕಾರ್ಬೊರೇಟರ್ ಗಾಡಿಗಳಿಗೂ ಒಂದೇ.

ಮೊದಲು ಅಳೆಯಿರಿ

"ಪೆಟ್ರೋಲ್ ಭಾಳ ಕುಡಿತದ" ಎಂಬುದು ಅಳತೆ ಅಲ್ಲ. ಒಂದು ಪಂಪಿನಲ್ಲಿ ಟ್ಯಾಂಕ್ ತುಂಬಿಸಿ, ಮೀಟರ್ ಬರೆದುಕೊಳ್ಳಿ. ಕನಿಷ್ಠ 150 ಕಿ.ಮೀ. ಓಡಿಸಿ ಅದೇ ಪಂಪಿನಲ್ಲಿ, ಅದೇ ಮಟ್ಟಕ್ಕೆ ಮತ್ತೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ ಮಾಡಿದರೆ ನಂಬಬಹುದಾದ ಅಂಕಿ ಸಿಗುತ್ತದೆ. ಸುಸ್ಥಿತಿಯ ಪೆಟ್ರೋಲ್ ಜೀಪು ಲೀಟರಿಗೆ 7ರಿಂದ 9 ಕಿ.ಮೀ. ಕೊಟ್ಟರೆ ಅದು ಆರೋಗ್ಯವಾಗಿದೆ ಎಂದೇ ಅರ್ಥ. ಅದರಿಂದ 14 ನಿರೀಕ್ಷಿಸಿ ಮಿಸ್ತ್ರಿಯನ್ನು ಬೈಯುವುದರಲ್ಲಿ ಪ್ರಯೋಜನವಿಲ್ಲ.

ಮೀಟರೂ ಸುಳ್ಳು ಹೇಳುತ್ತದೆ. ಬಹಳ ಹಳೆಯ ಜೀಪುಗಳ ಮೀಟರ್ ಮೈಲಿಯಲ್ಲಿದೆ. ಒಂದು ಮೈಲಿ ಎಂದರೆ 1.6 ಕಿ.ಮೀ. ಕಂಪನಿಯ 6.00-16 ಟಯರ್ ತೆಗೆದು ದೊಡ್ಡ ಟಯರ್ ಹಾಕಿಸಿದ್ದರೆ ಗಾಡಿ ಓಡಿದ್ದಕ್ಕಿಂತ ಮೀಟರ್ ಕಡಿಮೆ ತೋರಿಸುತ್ತದೆ. ಮಿರಜ-ಪಂಢರಪುರ ರಸ್ತೆಯ ಕಿಲೋಮೀಟರ್ ಕಲ್ಲುಗಳನ್ನು ನೋಡುತ್ತ ಹತ್ತು ಕಿ.ಮೀ. ಓಡಿಸಿ, ಮೀಟರಿಗೆ ತಾಳೆ ಹಾಕಿ. ಇಷ್ಟರಲ್ಲೇ ಕೆಲವರ 'ರೋಗ' ವಾಸಿಯಾಗುತ್ತದೆ.

ಪೆಟ್ರೋಲ್ ಅಳತೆಯ ಬಗ್ಗೆ ಅನುಮಾನವಿದ್ದರೆ ಪಂಪಿನಲ್ಲಿ 5 ಲೀಟರಿನ ಮುದ್ರೆಯ ಅಳತೆಪಾತ್ರೆ ಇರುತ್ತದೆ, ಅದರಲ್ಲಿ ಹಾಕಿ ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಕಲಬೆರಕೆಯ ಅನುಮಾನವಿದ್ದರೆ ಫಿಲ್ಟರ್ ಪೇಪರ್ ಕೇಳಿ. ಅದರ ಮೇಲೆ ಬಿದ್ದ ಒಳ್ಳೆಯ ಪೆಟ್ರೋಲಿನ ಹನಿ ಕಲೆ ಉಳಿಸದೆ ಆರಿಹೋಗುತ್ತದೆ.

ಇನ್ನು ಗಡಿ ದಾಟಿ ಪೆಟ್ರೋಲ್ ಹಾಕಿಸುವ ವಿಷಯ. ಎರಡು ರಾಜ್ಯಗಳ ತೆರಿಗೆ ಬೇರೆ ಬೇರೆ ಆದ್ದರಿಂದ ದರದಲ್ಲಿ ವ್ಯತ್ಯಾಸ ಇರುತ್ತದೆ, ಅದು ಆಗಾಗ ಬದಲಾಗುತ್ತದೆ ಕೂಡ. ಲೀಟರಿಗೆ 2 ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ. 20 ಲೀಟರಿಗೆ 40 ರೂಪಾಯಿ. ಅದಕ್ಕಾಗಿಯೇ ಕಾಗವಾಡದ ಕಡೆಗೆ ಹೋಗಿ-ಬಂದು 12 ಕಿ.ಮೀ. ಹೆಚ್ಚು ಓಡಿಸಿದರೆ 8ರ ಆವರೇಜಿನ ಜೀಪು ಒಂದೂವರೆ ಲೀಟರ್ ಕುಡಿದಿರುತ್ತದೆ. ಬೇರೆ ಕೆಲಸವಿದ್ದು ಹೋದಾಗ ಹಾಕಿಸಿಕೊಳ್ಳಿ, ಅದು ಬೇರೆ ಮಾತು.

ದುಡ್ಡಿಲ್ಲದ ತಪಾಸಣೆ

ಗಾಡಿ ಹೆಚ್ಚು ಕುಡಿಯುತ್ತಿದೆ ಎಂದಾಕ್ಷಣ ಎಲ್ಲರ ಕೈ ಕಾರ್ಬೊರೇಟರಿನ ಸ್ಕ್ರೂ ಮೇಲೆ ಹೋಗುತ್ತದೆ. ಅಲ್ಲಿಗೆ ಕೊನೆಯಲ್ಲಿ ಹೋಗಬೇಕು. ಮೊದಲು ಸಪಾಟು ರಸ್ತೆಯಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ತಳ್ಳಿ ನೋಡಿ. ಖಾಲಿ ಜೀಪು ಇಬ್ಬರಿಗೆ ಜಗ್ಗದಿದ್ದರೆ ಬ್ರೇಕ್ ಹಿಡಿದಿದೆ. ಹತ್ತು ಕಿ.ಮೀ. ಓಡಿಸಿ, ಜೋರಾಗಿ ಬ್ರೇಕ್ ಹಾಕದೆ ನಿಲ್ಲಿಸಿ, ನಾಲ್ಕೂ ಚಕ್ರದ ಡ್ರಮ್ ಹತ್ತಿರ ಕೈ ಒಯ್ಯಿರಿ (ಮುಟ್ಟಬೇಡಿ, ಸುಟ್ಟೀತು). ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಆ ಚಕ್ರವನ್ನು ಎಂಜಿನ್ನು ಎಳೆದುಕೊಂಡು ಹೋಗುತ್ತಿದೆ. ಇಂಥ ಗಾಡಿಗೆ ಹೊಸ ಕಾರ್ಬೊರೇಟರ್ ಹಾಕಿಸಿದರೂ ಹೊಗೆಯ ಬಣ್ಣ ಬದಲಾಗಬಹುದು, ಖರ್ಚು ಬದಲಾಗದು.

ಟಯರಿನ ಹವಾ ತಣ್ಣಗಿದ್ದಾಗ ನೋಡಿಸಿ. ಫೋರ್ ವ್ಹೀಲ್ ಲಿವರ್ ನಿಜವಾಗಿ ಟೂ ವ್ಹೀಲಿಗೆ ಬಂದಿದೆಯೇ ನೋಡಿ. ಕಬ್ಬಿನ ಗದ್ದೆಯ ಕೆಸರಿನಿಂದ ಹೊರಬಂದ ಮೇಲೆ ಲಿವರ್ ತಿರುಗಿಸಲು ಮರೆತು ಡಾಂಬರು ರಸ್ತೆಯಲ್ಲಿ ಓಡಿಸಿದರೆ ಪೆಟ್ರೋಲೂ ಹೋಗುತ್ತದೆ, ಗೇರುಗಳೂ ಹೋಗುತ್ತವೆ. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ.

ಥರ್ಮೋಸ್ಟ್ಯಾಟ್ ಕತೆ ನಮ್ಮ ಬಿಸಿಲು ನಾಡಿನದೇ. ಮೇ ತಿಂಗಳಲ್ಲಿ ಗಾಡಿ ಬಿಸಿಯಾಯಿತು ಎಂದು ಮಿಸ್ತ್ರಿ ಅದನ್ನು ತೆಗೆದು ಬಿಸಾಡುತ್ತಾನೆ, ಮತ್ತೆ ಯಾರೂ ಹಾಕಿಸುವುದಿಲ್ಲ. ಡಿಸೆಂಬರಿನ ಬೆಳಗಿನ ಜಾವ ಹಾಲು ಹೇರಿಕೊಂಡು ಹೋಗುವ ಗಾಡಿಯ ಎಂಜಿನ್ನು ಆಮೇಲೆ ಬಿಸಿಯೇ ಆಗುವುದಿಲ್ಲ. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದು. ರೇಡಿಯೇಟರ್ ಸ್ವಚ್ಛ ಮಾಡಿಸಿ, ಥರ್ಮೋಸ್ಟ್ಯಾಟ್ ಮರಳಿ ಹಾಕಿಸಿ.

ಗಾಳಿ ಮತ್ತು ಕಿಡಿ

ಜೀಪಿನ ಏರ್ ಕ್ಲೀನರ್ ಎಣ್ಣೆ ತುಂಬುವ ಜಾತಿಯದು. ಜತ್ತ ಭಾಗದ ಧೂಳಿನ ರಸ್ತೆಯಲ್ಲಿ ಓಡಿದರೆ ಕೆಳಗೆ ಕೆಸರು ಬೇಗ ಕೂಡುತ್ತದೆ. ತೊಳೆದು ಹೊಸ ಎಣ್ಣೆಯನ್ನು ಗೆರೆಯವರೆಗೆ ಮಾತ್ರ ಹಾಕಿ. ಹೆಚ್ಚು ಹಾಕಿದರೆ ಗಾಳಿಯ ದಾರಿ ಮುಚ್ಚುತ್ತದೆ.

ಏರ್ ಕ್ಲೀನರ್ ಬಿಚ್ಚಿದಾಗಲೇ ಚೋಕ್ ನೋಡಿಬಿಡಿ. ಗುಂಡಿ ಒಳಗೆ ಒತ್ತಿದಾಗ ಕಾರ್ಬೊರೇಟರಿನ ಬಾಯಲ್ಲಿರುವ ಮುಚ್ಚಳ ಪೂರ್ತಿ ನೆಟ್ಟಗೆ ನಿಲ್ಲಬೇಕು. ಕೆಲವು ಸೋಲೆಕ್ಸ್ ಕಾರ್ಬೊರೇಟರುಗಳಲ್ಲಿ ಮುಚ್ಚಳ ಇರುವುದಿಲ್ಲ, ಬದಿಯಲ್ಲಿ ತಿರುಗುವ ಬಿಲ್ಲೆ ಇರುತ್ತದೆ. ಅದರ ಲಿವರ್ ಕೊನೆಯವರೆಗೆ ಮರಳಬೇಕು. ತುಕ್ಕು ಹಿಡಿದ ಕೇಬಲ್ ಅರ್ಧಕ್ಕೆ ನಿಂತ ಗಾಡಿ ದಿನವಿಡೀ ಚೋಕ್ ಮೇಲೇ ಓಡುತ್ತಿರುತ್ತದೆ. ಒಂದು ಹನಿ ಎಣ್ಣೆಯ ಕೆಲಸಕ್ಕೆ ಸಾವಿರಾರು ರೂಪಾಯಿ ಹೋಗುವುದು ಹೀಗೆ.

ಪ್ಲಗ್ ಬಿಚ್ಚಿ ಮುಖ ನೋಡಿ. ತಿಳಿ ಕಂದು ಬಣ್ಣ ಒಳ್ಳೆಯದು. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ದುರ್ಬಲ. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ. ಒದ್ದೆ ಎಣ್ಣೆ ಇದ್ದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ನಾಲ್ಕರಲ್ಲಿ ಒಂದೇ ಕರಿಯಾಗಿದ್ದರೆ ದೋಷ ಕಾರ್ಬೊರೇಟರಿನದಲ್ಲ, ಆ ಸಿಲಿಂಡರಿನದು. ಕಾರ್ಬೊರೇಟರ್ ನಾಲ್ಕಕ್ಕೂ ಒಂದೇ ಅಡುಗೆ ಬಡಿಸುತ್ತದೆ.

ಹರಿಕೇನ್ ಎಂಜಿನ್ನಿನ ಅಳತೆಗಳು ಹೀಗಿವೆ: ಪಾಯಿಂಟ್ ಗ್ಯಾಪ್ 0.020 ಇಂಚು (ಅರ್ಧ ಮಿ.ಮೀ.), ಪ್ಲಗ್ ಗ್ಯಾಪ್ 0.030 ಇಂಚು (ಮುಕ್ಕಾಲು ಮಿ.ಮೀ.), ಟೈಮಿಂಗ್ 5 ಡಿಗ್ರಿ ಮುಂಚೆ, ಫೈರಿಂಗ್ ಕ್ರಮ 1-3-4-2. ಎಂಜಿನ್ ತಣ್ಣಗಿದ್ದಾಗ ವಾಲ್ವ್ ಸಂದು ಇನ್‌ಲೆಟ್‌ಗೆ 0.018, ಎಕ್ಸಾಸ್ಟ್‌ಗೆ 0.016 ಇಂಚು. ನಿಮ್ಮ ಜೀಪಿಗೆ ಬೇರೆ ಎಂಜಿನ್ ಕೂಡಿಸಿದ್ದರೆ ಇವು ಅನ್ವಯಿಸುವುದಿಲ್ಲ. ಪಾಯಿಂಟಿನ ನಾರು ಸವೆದಂತೆ ಸಂದು ಕಡಿಮೆಯಾಗಿ ಟೈಮಿಂಗ್ ಹಿಂದೆ ಸರಿಯುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಏರಿನಲ್ಲಿ ಮಾತ್ರ ಜೀವವಿಲ್ಲ. ಚಾಲಕ ಎಕ್ಸಿಲರೇಟರ್ ಹೆಚ್ಚು ತುಳಿಯುತ್ತಾನೆ. ಡಿಸ್ಟ್ರಿಬ್ಯೂಟರಿನೊಳಗಿನ ಅಡ್ವಾನ್ಸ್ ತೂಕಗಳು ಜಾಮ್ ಆಗಿದ್ದರೂ ಇದೇ ಲಕ್ಷಣ.

ವಾಲ್ವಿನ ಬಗ್ಗೆ ಇನ್ನೊಂದು ಮಾತು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸವಿರುವ ಪೆಟ್ರೋಲ್ ನಿಂತಿತು. ಹಳೆಯ ಮೆತ್ತನೆಯ ವಾಲ್ವ್ ಸೀಟುಗಳಿಗೆ ಆ ಸೀಸವೇ ರಕ್ಷಣೆ ಆಗಿತ್ತು. ಅದಿಲ್ಲದೆ ಭಾರ ಹೇರಿ ಓಡಿಸುವ ಗಾಡಿಯಲ್ಲಿ ಎಕ್ಸಾಸ್ಟ್ ಸೀಟ್ ಸವೆದು ವಾಲ್ವ್ ಒಳಗಿಳಿಯುತ್ತದೆ, ಸಂದು ಮುಚ್ಚಿಹೋಗುತ್ತದೆ, ಕಂಪ್ರೆಷನ್ ಸೋರುತ್ತದೆ. ಸಂದು ಪದೇ ಪದೇ ಕಡಿಮೆಯಾಗುತ್ತಿದ್ದರೆ ಹೆಡ್ ಕೆಲಸದ ವೇಳೆಗೆ ಗಟ್ಟಿ ಸೀಟ್ ಕೂಡಿಸಿಕೊಳ್ಳಿ.

ಈಗ ಕಾರ್ಬೊರೇಟರ್

ಪೆಟ್ರೋಲ್ ವಾಸನೆ, ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಹಟ, ಕಾರ್ಬೊರೇಟರ್ ಮೈ ಒದ್ದೆ: ಇವಿದ್ದರೆ ಫ್ಲೋಟ್ ಅಥವಾ ನೀಡಲ್ ವಾಲ್ವ್ ಕೆಟ್ಟಿದೆ. ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ದ್ರವದ ಸದ್ದು ಬಂದರೆ ತೂತಾಗಿದೆ. ಬಿಸಿನೀರಲ್ಲಿ ಮುಳುಗಿಸಿದರೆ ಗುಳ್ಳೆ ಬಂದು ತೂತಿನ ಜಾಗ ತೋರಿಸುತ್ತದೆ. ಒಳಗೆ ಪೆಟ್ರೋಲ್ ಇರುವ ಫ್ಲೋಟಿಗೆ ಬೆಸುಗೆ ಹಚ್ಚಲು ಹೋಗಬೇಡಿ, ಸಿಡಿಯುತ್ತದೆ. ಖಾಲಿ ಮಾಡಿ ಹಚ್ಚಿದರೂ ಬೆಸುಗೆಯ ತೂಕದಿಂದ ಫ್ಲೋಟ್ ಕೆಳಗಿಳಿದು ಪೆಟ್ರೋಲ್ ಮಟ್ಟ ಏರುತ್ತದೆ. ಹೊಸದು ಹಾಕುವುದೇ ಅಗ್ಗ.

ಜೆಟ್ ವಿಷಯದಲ್ಲಿ ನಮ್ಮ ಗ್ಯಾರೇಜುಗಳ ಒಂದು ಕೆಟ್ಟ ಚಟವಿದೆ: ತಂತಿ ಚುಚ್ಚಿ ಸ್ವಚ್ಛ ಮಾಡುವುದು. ಸೋಲೆಕ್ಸ್ ಜೆಟ್ ಮೇಲಿನ ಸಂಖ್ಯೆ ಮಿಲಿಮೀಟರಿನ ನೂರನೇ ಭಾಗ. 120 ಎಂದರೆ 1.20 ಮಿ.ಮೀ. ತೂತು. ತಂತಿ ತಿಕ್ಕಿ ತಿಕ್ಕಿ ಅದು 1.30 ಆದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ತೂತಿನ ವಿಸ್ತೀರ್ಣ ಶೇ. 17ರಷ್ಟು ಹೆಚ್ಚಿರುತ್ತದೆ. ಅಷ್ಟು ಹೆಚ್ಚು ಪೆಟ್ರೋಲ್ ಹರಿಯುತ್ತದೆ. ಜೆಟ್ಟಿಗೆ ಹವಾ ಹೊಡೆಯಿರಿ, ತಂತಿ ಬೇಡ. ಬಿಚ್ಚಿದಾಗ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೇರೆ ಗಾಡಿಯ ಜೆಟ್ ಬಂದು ಕೂತಿರುವುದೂ ಉಂಟು.

ಟ್ಯೂನಿಂಗ್ ಆಯಿತೋ ಇಲ್ಲವೋ ತಿಳಿಯಲು ಪಿಯುಸಿ ಕೇಂದ್ರದ ಯಂತ್ರಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಭಾರತ್ ಸ್ಟೇಜ್-2ಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 3. ಸರ್ಟಿಫಿಕೇಟ್ ಮಡಚಿ ಕಿಸೆಗೆ ಹಾಕುವ ಮೊದಲು ಆ ಅಂಕಿ ಓದಿ. ಅದು ಮಿತಿಯ ಹತ್ತಿರ ಇದ್ದರೆ ಪೆಟ್ರೋಲ್ ಸುಡದೆ ಹೊಗೆಯಾಗುತ್ತಿದೆ. ಆದರೆ ಇದು ಐಡಲ್ ಸ್ಥಿತಿಯ ಲೆಕ್ಕ. ಮೇನ್ ಜೆಟ್ಟಿನ ಗುಟ್ಟು ಇದರಲ್ಲಿ ಬಯಲಾಗುವುದಿಲ್ಲ.

ಎಂಜಿನ್ ಬದಿಯ ಎಸಿ ಪಂಪನ್ನೂ ನೋಡಿ. ಅದರ ಪೊರೆ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರಿ, ಪೆಟ್ರೋಲ್ ವಾಸನೆ ಬಂದರೆ ಗಾಡಿ ಅಲ್ಲೇ ನಿಲ್ಲಿಸಿ. ಆವರೇಜ್ ಅಷ್ಟೇ ಅಲ್ಲ, ಎಂಜಿನ್ನೇ ಹೋಗುತ್ತದೆ.

ಎಥನಾಲ್ ಮೇಲೆ ಎಷ್ಟು ತಪ್ಪು ಹೊರಿಸಬಹುದು?

ನಮ್ಮದೇ ಕಬ್ಬು ಎಥನಾಲ್ ಆಗಿ ನಮ್ಮದೇ ಟ್ಯಾಂಕಿಗೆ ಮರಳುತ್ತಿದೆ. 2003ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ. 5ರ ಮಿಶ್ರಣ ಶುರುವಾಯಿತು. 2022ರಲ್ಲಿ ದೇಶ ಶೇ. 10 ಮುಟ್ಟಿತು. 2023ರ ಫೆಬ್ರವರಿಯಲ್ಲಿ ಶೇ. 20ರ ಪೆಟ್ರೋಲ್ ಬಂತು, 2025ರ ಹೊತ್ತಿಗೆ ಅದೇ ಎಲ್ಲೆಡೆ ಆಯಿತು. ಕಾರ್ಖಾನೆಗೆ ಕಬ್ಬು ಕೊಡುವವನೂ ಇದನ್ನು ಬೈಯುವವನೂ ಎಷ್ಟೋ ಸಲ ಒಬ್ಬನೇ.

ಲೆಕ್ಕ ಸರಳ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ. ಹಾಗಾಗಿ ಶೇ. 20 ಮಿಶ್ರಣದಲ್ಲಿ ಶೇ. 6-7ರಷ್ಟು ಶಕ್ತಿ ಕಡಿಮೆ. ಶುದ್ಧ ಪೆಟ್ರೋಲಿಗಾಗಿ ಮಾಡಿದ ನಾಲ್ಕು ಚಕ್ರದ ಗಾಡಿಗಳ ಆವರೇಜ್ ಶೇ. 6-7 ಕಡಿಮೆಯಾದೀತು ಎಂದು ನೀತಿ ಆಯೋಗದ 2021ರ ವರದಿಯೂ ಅಂದಾಜು ಮಾಡಿತ್ತು. ಎಂದರೆ 8 ಕೊಡುತ್ತಿದ್ದ ಜೀಪು 7.5ರ ಆಸುಪಾಸಿಗೆ ಇಳಿಯಬಹುದು. ನಿಮ್ಮದು 5.5ಕ್ಕೆ ಇಳಿದಿದ್ದರೆ ಉಳಿದ ಎರಡು ಕಿ.ಮೀ. ಎಥನಾಲ್ ತಿಂದದ್ದಲ್ಲ. ಅದು ಬ್ರೇಕು, ಚೋಕು, ಪಾಯಿಂಟ್, ಜೆಟ್ಟುಗಳಲ್ಲಿ ಎಲ್ಲೋ ಇದೆ. ತಿಂಗಳಿಗೆ 1000 ಕಿ.ಮೀ. ಓಡಿಸುವವರಿಗೆ 8ಕ್ಕೂ 5.5ಕ್ಕೂ ನಡುವಿನ ಅಂತರ 57 ಲೀಟರ್.

ಹಳೆಯ ಗಾಡಿಗೆ ಎಥನಾಲಿನ ನಿಜವಾದ ಕಾಟ ಬೇರೆ. ಹಳೆಯ ರಬ್ಬರ್ ಪೈಪ್, ಕಾರ್ಕ್ ಪ್ಯಾಕಿಂಗ್, ಎಸಿ ಪಂಪಿನ ಪೊರೆ ಮೆತ್ತಗಾಗಿ ಸೋರುತ್ತವೆ. ಎಂಜಿನ್ ಬಳಿ ಸೋರಿಕೆ ಎಂದರೆ ಬೆಂಕಿ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಿ. ಟ್ಯಾಂಕಿನ ಹಳೆಯ ಕೊಳೆ ಕರಗಿ ಫಿಲ್ಟರಿಗೆ ಬರುತ್ತದೆ, ಮೊದಲ ಕೆಲವು ತಿಂಗಳು ಫಿಲ್ಟರ್ ಬೇಗ ಬದಲಿಸಿ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗಿ ಪ್ಲಗ್ ಬೆಳ್ಳಗಾಗಬಹುದು. ಗಾಡಿ ಎಳೆಯುವಾಗ ತಡವರಿಸಿದರೆ ಒಂದು ಸಂಖ್ಯೆ ದೊಡ್ಡ ಜೆಟ್ ಹಾಕಿಸಬಹುದು, ಅದೂ ಉಳಿದೆಲ್ಲ ಸರಿಯಾದ ಮೇಲೆ.

ಖರ್ಚು ತಾಳದೆ ಮನೆಯ ಸಿಲಿಂಡರ್ ಜೋಡಿಸಿ ಓಡಿಸುವ ಯೋಚನೆ ಕೆಲವರಿಗೆ ಬರುತ್ತದೆ. ಅದು ಅಪರಾಧ, ಜೀವಕ್ಕೂ ಅಪಾಯ. ಗ್ಯಾಸ್ ಬೇಕೆಂದರೆ ಮಾನ್ಯತೆಯ ಕಿಟ್ ಹಾಕಿಸಿ, ಸಾಂಗಲಿ ಆರ್‌ಟಿಒದಲ್ಲಿ ಆರ್‌ಸಿ ಪುಸ್ತಕಕ್ಕೆ ಬರೆಸಿಕೊಳ್ಳಬೇಕು.

ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡಬೇಡಿ. ಪೆಟ್ರೋಲ್ ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲ ಕಳೆದು ಗಾಡಿ ಹೊರತೆಗೆಯುವಾಗ ಟ್ಯಾಂಕಿನ ತಳದ ಬಿರಡೆ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ನೋಡಿ. ಕೆಳಗೆ ಬೇರೆ ಪದರ ಕಂಡರೆ ಆ ಪೆಟ್ರೋಲನ್ನು ಎಂಜಿನ್ನಿಗೆ ಬಿಡದೆ ಪೂರ್ತಿ ತೆಗೆದುಬಿಡಿ.